ಹಳೇ ಸಿನಿಮಾದ ಕ್ಲೈಮ್ಯಾಕ್ಸ್: ಯಾರಿಗೆ ಹೇಳಬಹುದು, ಎಷ್ಟು ಹೇಳಬಹುದು

"ಹಳೇ ಸಿನಿಮಾ ಅಲ್ವಾ, ಕಥೆ ಹೇಳಿದ್ರೆ ಏನಾಯ್ತು?" ಈ ಮಾತು ಮೈಸೂರಿನ ಕಾಲೇಜು ಕ್ಯಾಂಟೀನಿನಲ್ಲೂ ಕೇಳಿಸುತ್ತದೆ, ಮಂಡ್ಯದ ಮದುವೆ ಮನೆಯ ಪಂಕ್ತಿಯಲ್ಲೂ ಕೇಳಿಸುತ್ತದೆ. ಹೇಳುವವರಿಗೆ ಏನೂ ಆಗುವುದಿಲ್ಲ, ನಿಜ. ಅವರು ಆ ಚಿತ್ರವನ್ನು ಮುಂದೇನು ಅಂತ ಗೊತ್ತಿಲ್ಲದೆ ಒಂದು ಸಲ ನೋಡಿ ಆಗಿದೆ. ಕೇಳಿಸಿಕೊಂಡವರಿಗೆ ಮಾತ್ರ ಆ ಅವಕಾಶ ಹೋಯಿತು. ಎರಡನೇ ಸಲ, ಹತ್ತನೇ ಸಲ ಎಷ್ಟು ಬೇಕಾದರೂ ನೋಡಬಹುದು. ಮೊದಲ ಸಲ ಅನ್ನುವುದು ಒಂದೇ.

ಹಾಗಂತ ಹಳೇ ಚಿತ್ರಗಳ ಬಗ್ಗೆ ಮಾತೇ ಆಡಬಾರದು ಅಂತಲ್ಲ. ನಾವು ಮಾತಾಡದಿದ್ದರೆ ಈಗಿನ ಹುಡುಗರು ಅವನ್ನು ಹುಡುಕಿಕೊಂಡು ಹೋಗಿ ನೋಡುವುದೂ ಇಲ್ಲ. ಬಾಯಿ ತುಂಬ ಮಾತಾಡಬೇಕು, ಗುಟ್ಟು ಮಾತ್ರ ಬಿಟ್ಟುಕೊಡಬಾರದು. ಅದು ಹೇಗೆ ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಹಲವು ಚಿತ್ರಗಳ ಹೆಸರು ಬರುತ್ತವೆ. ಯಾವುದರ ಕೊನೆಯೂ ಬರುವುದಿಲ್ಲ, ಧೈರ್ಯವಾಗಿ ಓದಿ.

ವರ್ಷ ಎಣಿಸುವುದನ್ನು ಬಿಡಿ

ಚಿತ್ರ ಬಂದು ಎಷ್ಟು ವರ್ಷ ಆದ ಮೇಲೆ ಕಥೆ ಹೇಳಬಹುದು ಅಂತ ಲೆಕ್ಕ ಕೇಳುವವರಿದ್ದಾರೆ. ಐದು ವರ್ಷ ಅನ್ನುತ್ತಾರೆ, ಹತ್ತು ಅನ್ನುತ್ತಾರೆ. ನನ್ನ ಪ್ರಕಾರ ಈ ಲೆಕ್ಕವೇ ಸರಿಯಿಲ್ಲ. 'ನಾಗರಹಾವು' ಬಂದದ್ದು 1972ರಲ್ಲಿ. ಮಂಡ್ಯ ಕಡೆಯವರಿಗೆ ಅದು ಅಂಬರೀಶ್ ಅವರ ಮೊದಲ ಚಿತ್ರ, ಮೈಸೂರಿನವರಿಗೆ ವಿಷ್ಣುವರ್ಧನ್ ಮತ್ತು ಅಶ್ವಥ್ ಅವರ ಚಿತ್ರ. ಎರಡೂ ಊರಿನಲ್ಲಿ ಅದರ ಮಾತು ಬಂದರೆ ಎಲ್ಲರಿಗೂ ಗೊತ್ತಿರುವ ಹಾಗೇ ಕಾಣುತ್ತದೆ. ಆದರೆ ಈ ವರ್ಷ ಪಿಯುಸಿ ಓದುವ ಹುಡುಗಿ ಅದನ್ನು ನೋಡಿಯೇ ಇಲ್ಲದಿರಬಹುದು. ಅವಳ ಮಟ್ಟಿಗೆ ಅದು ನಾಳೆ ಬಿಡುಗಡೆ ಆಗಬೇಕಾದ ಚಿತ್ರ.

ಈಗಂತೂ ಹಳೇ ಚಿತ್ರಗಳು ನಿಜವಾಗಿಯೂ ಮತ್ತೆ ಬಿಡುಗಡೆ ಆಗುತ್ತಿವೆ. 1971ರ 'ಕಸ್ತೂರಿ ನಿವಾಸ' ಬಣ್ಣ ಹಚ್ಚಿಕೊಂಡು 2014ರಲ್ಲಿ ಥಿಯೇಟರಿಗೆ ಬಂತು. 1998ರ 'ಎ' ಚಿತ್ರ 2024ರಲ್ಲಿ ಬಂತು. 2002ರ 'ಅಪ್ಪು' 2025ರ ಮಾರ್ಚ್‌ನಲ್ಲಿ ಬಂತು. ಇಂಥ ಶೋಗಳಲ್ಲಿ ಡೈಲಾಗ್‌ಗಳನ್ನು ಬಾಯಿಪಾಠ ಹೇಳುವ ಅಭಿಮಾನಿಗಳ ಪಕ್ಕದಲ್ಲೇ, ಚಿತ್ರ ಮೊದಲು ಬಂದಾಗ ಹುಟ್ಟಿಯೇ ಇರದಿದ್ದ ಹುಡುಗರೂ ಕೂತಿರುತ್ತಾರೆ. ಟಿಕೆಟ್ ದುಡ್ಡು ಇಬ್ಬರದೂ ಒಂದೇ.

ಲಂಡನ್ನಿನಲ್ಲಿ ಅಗಾಥಾ ಕ್ರಿಸ್ಟಿ ಬರೆದ 'ದಿ ಮೌಸ್‌ಟ್ರ್ಯಾಪ್' ಅನ್ನುವ ಕೊಲೆ ರಹಸ್ಯದ ನಾಟಕ 1952ರಲ್ಲಿ ಶುರುವಾಯಿತು. 2020ರಲ್ಲಿ ಕೊರೊನಾ ಬಂದು ನಿಲ್ಲುವವರೆಗೂ ಬಿಡದೆ ನಡೆಯಿತು, ಆಮೇಲೆ ಮತ್ತೆ ಶುರುವಾಯಿತು. ನಾಟಕ ಮುಗಿದ ಮೇಲೆ, ಕೊಲೆ ಮಾಡಿದ್ದು ಯಾರು ಅಂತ ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುವುದು ಅಲ್ಲಿನ ರೂಢಿ. ಎಪ್ಪತ್ತು ವರ್ಷ ಕಳೆದರೂ ಕೇಳಿಕೊಳ್ಳುತ್ತಲೇ ಇದ್ದಾರೆ.

ಬಾಯಿ ಬಿಡುವ ಮೊದಲು ಒಂದು ಪ್ರಶ್ನೆ

"ನೋಡಿದ್ದೀರಾ?" ಇಷ್ಟು ಕೇಳಿದರೆ ಅರ್ಧ ಕೆಲಸ ಮುಗಿಯಿತು. ಆದರೆ ಕೇಳುವ ರೀತಿ ಮುಖ್ಯ. "ಅಯ್ಯೋ, ಇದನ್ನೂ ನೋಡಿಲ್ವಾ?" ಅಂತ ಕೇಳಿದರೆ ಎದುರಿನವರಿಗೆ ನಾಚಿಕೆಯಾಗುತ್ತದೆ. ಸುಮ್ನೆ "ಹೂಂ, ನೋಡಿದ್ದೀನಿ" ಅಂದುಬಿಡುತ್ತಾರೆ. ನೀವು ನಂಬಿ ಪೂರ್ತಿ ಕಥೆ ಹೇಳಿಬಿಡುತ್ತೀರಿ. ಹಾಗಾಗಿ ನೋಡದೇ ಇರುವುದು ತಪ್ಪೇನಲ್ಲ ಅನ್ನುವ ಧಾಟಿಯಲ್ಲಿ ಕೇಳಿ. "ನೋಡಿಲ್ಲ ಅಂದ್ರೆ ಹೇಳಿ, ಮುಂದಿನ ಕಥೆ ಹೇಳಲ್ಲ" ಅಂದರೆ ಸಾಕು.

ಬರುವ ಉತ್ತರವನ್ನೂ ಗಮನವಿಟ್ಟು ಕೇಳಬೇಕು. "ನೋಡಿಲ್ಲ, ನೋಡ್ಬೇಕು" ಅಂದರೆ ಅಲ್ಲಿಗೆ ನಿಲ್ಲಿಸಿ. "ನೋಡಿಲ್ಲ, ನೋಡೋದೂ ಇಲ್ಲ, ಕಥೆ ಹೇಳಿ" ಅನ್ನುವವರೂ ಇದ್ದಾರೆ. ದೆವ್ವದ ಚಿತ್ರ ಅಂದರೆ ಹೆದರುವವರು, ಅಳುವ ಚಿತ್ರ ಬೇಡ ಅನ್ನುವವರು. ಅವರಿಗೆ ಖುಷಿಯಾಗಿ ಹೇಳಿ, ಪಕ್ಕದಲ್ಲಿ ಬೇರೆ ಯಾರೂ ಕಿವಿ ಕೊಟ್ಟಿಲ್ಲ ಅಂತ ನೋಡಿಕೊಳ್ಳಿ ಅಷ್ಟೆ.

ಎಲ್ಲರೂ ಮರೆಯುವ ಇನ್ನೊಂದು ಉತ್ತರ ಇದೆ. "ಚಿಕ್ಕವಳಿದ್ದಾಗ ಟಿವೀಲಿ ನೋಡಿದ್ದೆ, ಅಷ್ಟು ನೆನಪಿಲ್ಲ." ಇವರನ್ನು ನಾವು ನೋಡಿದವರ ಗುಂಪಿಗೆ ಸೇರಿಸಿಬಿಡುತ್ತೇವೆ. ಹಾಗೆ ಮಾಡಬೇಡಿ. ಆರನೇ ವಯಸ್ಸಿನಲ್ಲಿ ನೋಡಿದವರಿಗೆ ಹಾಡು ನೆನಪಿರುತ್ತದೆ, ಕುದುರೆ ಓಡಿದ್ದು ನೆನಪಿರುತ್ತದೆ, ಕಥೆಯ ಗಂಟು ಎಲ್ಲಿ ಬಿಚ್ಚಿಕೊಂಡಿತು ಅನ್ನುವುದು ನೆನಪಿರುವುದಿಲ್ಲ. ಅವರಿಗೆ ಅರ್ಧ ಮರೆತ ಚಿತ್ರವನ್ನು ಇನ್ನೊಮ್ಮೆ ಹೊಸದಾಗಿ ನೋಡುವ ಅದೃಷ್ಟ ಇದೆ. ಅದನ್ನು ಕಿತ್ತುಕೊಳ್ಳಬಾರದು.

ಗುಟ್ಟು ಯಾವ ಬಗೆಯದು ಅಂತ ಗುರುತಿಸಿ

ಎಲ್ಲ ಚಿತ್ರದಲ್ಲೂ ಕೊನೆ ಅಷ್ಟೇ ದೊಡ್ಡ ವಿಷಯ ಅಲ್ಲ. ಇಲ್ಲಿ ಸ್ವಲ್ಪ ವಿವೇಚನೆ ಬೇಕು.

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಕಟ್ಟುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ತಿಂಗಳುಗಟ್ಟಲೆ ತಾಲೀಮು. ಹಾರ್ಮೋನಿಯಂ ಮೇಷ್ಟ್ರು ಕೂತು ಒಂದೊಂದು ಕಂದ ಪದ್ಯವನ್ನೂ ತಿದ್ದುತ್ತಾರೆ. ನಾಟಕದ ದಿನ ಊರಿಗೆ ಊರೇ ಬೆಳಗಿನ ಜಾವದವರೆಗೂ ಕೂತಿರುತ್ತದೆ. ದುರ್ಯೋಧನ ಏನಾಗುತ್ತಾನೆ ಅಂತ ಮುಂದೆ ಚಾಪೆ ಹಾಸಿಕೊಂಡು ಕೂತ ಮಗುವಿಗೂ ಗೊತ್ತು. ಆದರೂ ಯಾರೂ ಎದ್ದು ಹೋಗುವುದಿಲ್ಲ. ನಮ್ಮೂರ ದುರ್ಯೋಧನ ಆ ಪದ್ಯವನ್ನು ಹೇಗೆ ಎತ್ತುತ್ತಾನೆ, ಎಷ್ಟು ಹೊತ್ತು ಆಲಾಪ ಮಾಡುತ್ತಾನೆ, 'ಒನ್ಸ್ ಮೋರ್' ಬೀಳುತ್ತದಾ ಅನ್ನುವುದು ಅಲ್ಲಿನ ಕುತೂಹಲ. 1965ರ 'ಸತ್ಯ ಹರಿಶ್ಚಂದ್ರ', 1977ರ 'ಬಭ್ರುವಾಹನ'ದಂಥ ಪೌರಾಣಿಕ ಚಿತ್ರಗಳೂ ಹೀಗೇ. ಇವುಗಳ ಕಥೆಯನ್ನು ಧಾರಾಳವಾಗಿ ಮಾತಾಡಬಹುದು. ಹಾಗಿದ್ದರೂ ಚಿಕ್ಕ ಮಕ್ಕಳು ಮೊದಲ ಸಲ ನೋಡುತ್ತಿದ್ದರೆ ಅವರಿಗೆ ಮುಂಚೆಯೇ ಹೇಳಬೇಡಿ. ಪುರಾಣವೂ ಮೊದಲ ಸಲ ಕೇಳುವವರಿಗೆ ಹೊಸ ಕಥೆಯೇ.

ಎರಡನೇ ಬಗೆ, ಸಂಸಾರದ ಕಥೆ ಹೇಳುವ ಹಳೇ ಚಿತ್ರಗಳು. ಮೈಸೂರಿನ ತ್ರಿವೇಣಿ ಅವರ ಕಾದಂಬರಿಯನ್ನು ಪಿರಿಯಾಪಟ್ಟಣ ತಾಲ್ಲೂಕು ಕಣಗಾಲಿನ ಪುಟ್ಟಣ್ಣ ಅವರು 1971ರಲ್ಲಿ 'ಶರಪಂಜರ' ಮಾಡಿದರು. ಕಾದಂಬರಿ ಓದಿದವರು ಆಗಲೂ ಇದ್ದರು, ಅವರೂ ಹೋಗಿ ನೋಡಿದರು. ಕೊನೆ ಗೊತ್ತಿದ್ದರೂ ಕಲ್ಪನಾ ಅವರ ಕಾವೇರಿ ಮನಸ್ಸನ್ನು ಹಿಂಡುತ್ತಾಳೆ. ಇಂಥ ಚಿತ್ರದ ಕೊನೆ ಗೊತ್ತಾದರೆ ಪೂರ್ತಿ ನಷ್ಟ ಇಲ್ಲ. ಆದರೆ ಒಂದು ಪೆಟ್ಟು ಕಡಿಮೆ ಬೀಳುತ್ತದೆ. ನಿರ್ದೇಶಕರು ಎರಡು ಗಂಟೆ ಕಷ್ಟಪಟ್ಟು ಆ ಪೆಟ್ಟಿಗೆ ನಮ್ಮನ್ನು ತಯಾರು ಮಾಡಿರುತ್ತಾರೆ. ನೋಡಬೇಕು ಅಂತ ಆಸೆ ಇರುವವರಿಗೆ ಹೇಳದಿರುವುದೇ ಒಳ್ಳೆಯದು. ಕಾದಂಬರಿ ಓದಿದವರಿಗೂ ಇದೇ ಮಾತು. "ಪುಸ್ತಕದಲ್ಲಿ ಹೀಗಿತ್ತು" ಅಂತ ಶುರು ಮಾಡುವ ಮೊದಲು ಎದುರಿನವರು ಎರಡರಲ್ಲಿ ಒಂದನ್ನಾದರೂ ಮುಗಿಸಿದ್ದಾರಾ ಕೇಳಿ.

ಮೂರನೆಯದು ಗಂಟು ಹಾಕಿ ಬಿಚ್ಚುವ ಚಿತ್ರಗಳು. 1978ರ 'ಅಪರಿಚಿತ', 1989ರ 'ತರ್ಕ', 2013ರ 'ಲೂಸಿಯಾ', 2015ರ 'ರಂಗಿತರಂಗ' ಈ ಸಾಲಿನವು. ಇಲ್ಲಿ ಯಾವ ರಿಯಾಯಿತಿಯೂ ಇಲ್ಲ. ಯಾರು, ಯಾಕೆ, ನಿಜವಾಗಿ ನಡೆದದ್ದೇನು ಅನ್ನುವುದರ ಮೇಲೇ ಇಡೀ ಚಿತ್ರ ನಿಂತಿದೆ. ಒಂದು ಹೆಸರು ಬಾಯಿಂದ ಬಿದ್ದರೆ ಆರಂಭದಿಂದ ಇಟ್ಟ ಒಂದೊಂದು ಸುಳಿವೂ ಸುಮ್ನೆ ದಂಡ. ನಲವತ್ತು ವರ್ಷ ಆಗಿದ್ದರೂ ಹೇಳಬೇಡಿ.

ರೀಮೇಕ್ ಅನ್ನುವ ಹಿಂಬಾಗಿಲು

ಇದನ್ನು ಬೇರೆಯಾಗಿಯೇ ಹೇಳಬೇಕು, ಯಾಕಂದರೆ ಬಹಳ ಜನ ಎಡವುವುದು ಇಲ್ಲೇ. 1993ರಲ್ಲಿ ಮಲಯಾಳಂನಲ್ಲಿ 'ಮಣಿಚಿತ್ರತಾಳ್' ಬಂತು. ಅದು 2004ರಲ್ಲಿ ಕನ್ನಡದ 'ಆಪ್ತಮಿತ್ರ' ಆಯಿತು, 2005ರಲ್ಲಿ ತಮಿಳಿನ 'ಚಂದ್ರಮುಖಿ' ಆಯಿತು, 2007ರಲ್ಲಿ ಹಿಂದಿಯ 'ಭೂಲ್ ಭುಲಯ್ಯಾ' ಆಯಿತು. ಒಂದೇ ಗುಟ್ಟು, ನಾಲ್ಕು ಭಾಷೆ. 2013ರ ಮಲಯಾಳಂ 'ದೃಶ್ಯಂ' ಮುಂದಿನ ವರ್ಷ ರವಿಚಂದ್ರನ್ ಅವರ 'ದೃಶ್ಯ' ಆಗಿ ಬಂತು. ತೆಲುಗು, ತಮಿಳು, ಹಿಂದಿಗೂ ಹೋಯಿತು.

ಮೈಸೂರಿನ ಹಾಸ್ಟೆಲ್ಲುಗಳಲ್ಲಿ ಕೇರಳದ ಹುಡುಗರು, ಕೊಡಗಿನವರು, ಚಾಮರಾಜನಗರದವರು ಒಂದೇ ರೂಮಿನಲ್ಲಿರುತ್ತಾರೆ. ಒಬ್ಬ ಮಲಯಾಳಂ ಚಿತ್ರ ನೋಡಿರುತ್ತಾನೆ, ಇನ್ನೊಬ್ಬ ಹಿಂದಿಯದು. "ನಾನು ಹೇಳ್ತಿರೋದು ಹಿಂದಿ ಸಿನಿಮಾ ಕಥೆ, ಕನ್ನಡದ್ದಲ್ಲ" ಅನ್ನುವುದು ಇಲ್ಲಿ ನಡೆಯುವುದಿಲ್ಲ. ಹಾಗಾಗಿ ಕೇಳುವಾಗ "ಇದು ಯಾವ ಭಾಷೇಲಾದ್ರೂ ನೋಡಿದ್ದೀಯಾ?" ಅಂತ ಕೇಳಿ. ನೋಡಿದ್ದರೂ ಎಚ್ಚರ ಬೇಕು. ರೀಮೇಕ್‌ನಲ್ಲಿ ಕೆಲವೊಮ್ಮೆ ಕೊನೆ ಬದಲಾಯಿಸಿರುತ್ತಾರೆ. "ಕನ್ನಡದಲ್ಲಿ ಹೀಗಿಲ್ಲ" ಅಂದುಬಿಟ್ಟರೆ ಅದೂ ಗುಟ್ಟು ಬಿಟ್ಟುಕೊಟ್ಟ ಹಾಗೇ.

ಎಲ್ಲಿವರೆಗೆ ಹೇಳಬಹುದು

ಚಿತ್ರದ ಮೊದಲ ಅರ್ಧ ಗಂಟೆಯಲ್ಲಿ ಗೊತ್ತಾಗುವುದನ್ನು ಹೇಳಬಹುದು. ಊರು ಯಾವುದು, ನಾಯಕ ಏನು ಕೆಲಸ ಮಾಡುತ್ತಾನೆ, ಅವನ ಕಷ್ಟ ಏನು. ನಟನೆ, ಹಾಡು, ಕ್ಯಾಮೆರಾ, ಹಿನ್ನೆಲೆ ಸಂಗೀತದ ಬಗ್ಗೆ ಎಷ್ಟಾದರೂ ಹೇಳಿ. ಸಾವು, ಅಪರಾಧಿ, ಬಚ್ಚಿಟ್ಟ ಸಂಬಂಧ, ನಾಯಕಿ ಕೊನೆಗೆ ಯಾರ ಕೈ ಹಿಡಿಯುತ್ತಾಳೆ ಅನ್ನುವುದು ಬೇಡ. ಇಂಟರ್ವಲ್ ಹೊತ್ತಿಗೆ ಬರುವ ತಿರುವೂ ಬೇಡ.

ಒಂದು ಮಾದರಿ ಕೊಡುತ್ತೇನೆ. ಸುನೀಲ್ ಕುಮಾರ್ ದೇಸಾಯಿ ಅವರ 1993ರ 'ನಿಷ್ಕರ್ಷ'ವನ್ನು ಸ್ನೇಹಿತರಿಗೆ ಹೇಳಬೇಕು ಅಂತಿಟ್ಟುಕೊಳ್ಳಿ. "ಮಣಿಪಾಲದ ಒಂದು ಬ್ಯಾಂಕು. ಒಳಗೆ ನುಗ್ಗಿದವರು ಜನರನ್ನು ಒತ್ತೆ ಇಟ್ಟುಕೊಂಡಿದ್ದಾರೆ. ಹೊರಗೆ ಪೊಲೀಸರು. ಹೆಚ್ಚುಕಡಿಮೆ ಇಡೀ ಚಿತ್ರ ಆ ಒಂದೇ ಕಟ್ಟಡದಲ್ಲಿ. ವಿಷ್ಣುವರ್ಧನ್ ಇದ್ದಾರೆ, ಅನಂತ್‌ನಾಗ್ ಇದ್ದಾರೆ. ರಾತ್ರಿ ಲೈಟ್ ಆರಿಸಿ ನೋಡಿ." ಇಷ್ಟರಲ್ಲಿ ಆಸೆ ಹುಟ್ಟುತ್ತದೆ, ಏನೂ ಹಾಳಾಗಿಲ್ಲ.

ಕಥೆ ಹೇಳದೆಯೂ ಕೊನೆ ಹೇಳಿಬಿಡುವ ಮಾತುಗಳಿವೆ. "ಕೊನೇಲಿ ಒಂದು ಟ್ವಿಸ್ಟ್ ಇದೆ, ಊಹೆ ಮಾಡೋಕಾಗಲ್ಲ" ಅಂದರೆ ನೋಡುವವರು ಮೊದಲ ದೃಶ್ಯದಿಂದಲೇ ಎಲ್ಲರ ಮೇಲೂ ಅನುಮಾನ ಪಡುತ್ತಾರೆ. "ಕರ್ಚೀಫ್ ಇಟ್ಕೊಂಡು ಕೂತ್ಕೋ" ಅಂದರೆ ಯಾರೋ ಸಾಯುತ್ತಾರೆ ಅಂತ ಗೊತ್ತಾಯಿತು. "ಆ ಸ್ನೇಹಿತನ ಪಾತ್ರ ಮಾತ್ರ ಚೆನ್ನಾಗಿ ಗಮನಿಸು" ಅನ್ನುವುದು ಎಲ್ಲಕ್ಕಿಂತ ಕೆಟ್ಟದ್ದು. ಪ್ರೀತಿಯಿಂದಲೇ ಹೇಳಿರುತ್ತೇವೆ, ಆದರೂ ಬೇಡ.

ಜೊತೆಗೆ ಕೂತು ನೋಡುವಾಗ

ಭಾನುವಾರ ಮಧ್ಯಾಹ್ನ ಊಟ ಆಗಿದೆ. ಟಿವಿಯಲ್ಲಿ ಕಪ್ಪು ಬಿಳುಪು ಚಿತ್ರ ಬರುತ್ತಿದೆ. ಅಜ್ಜಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಾರೆ, ಮೊಮ್ಮಗ ಮೊದಲ ಸಲ ನೋಡುತ್ತಿದ್ದಾನೆ. ತೆರೆಯ ಮೇಲೆ ಇನ್ನೂ ಮದುವೆ ಹಾಡು. ಅಷ್ಟರಲ್ಲೇ ಅಜ್ಜಿ, "ನಗ್ತಾ ಅವ್ಳೆ ನೋಡು ಪಾಪ, ಉಳಿಯಾಕಿಲ್ಲ ಕನ್ ಮಗ" ಅಂದುಬಿಡುತ್ತಾರೆ.

ಅಜ್ಜಿಗೆ "ಸುಮ್ನಿರಜ್ಜಿ, ಕಥೆ ಹೇಳ್ಬೇಡ" ಅಂತ ರೇಗುವುದು ಸರಿಯಲ್ಲ. ಅವರಿಗೆ ಆ ಚಿತ್ರ ಅಂದರೆ ಅವರ ಹರೆಯ. ಮಾತಾಡುವ ಆಸೆ ಇದ್ದೇ ಇರುತ್ತದೆ. ಆ ಆಸೆಗೆ ಬೇರೆ ದಾರಿ ತೋರಿಸಿ. "ಅಜ್ಜಿ, ಇದ್ನ ಯಾವ ಟಾಕೀಸಲ್ಲಿ ನೋಡ್ದೆ? ಯಾರ್ ಜೊತೆ ಹೋಗಿದ್ದೆ?" ಅಂತ ಕೇಳಿ. ಟೆಂಟ್ ಸಿನಿಮಾದಲ್ಲಿ ನೆಲದ ಮೇಲೆ ಕೂತದ್ದು, ರೀಲು ಬದಲಾಯಿಸುವಾಗ ಕಡಲೆಕಾಯಿ ತಿಂದದ್ದು, ಮನೆಯಲ್ಲಿ ಸುಳ್ಳು ಹೇಳಿ ಹೋದದ್ದು ಎಲ್ಲ ಬರುತ್ತದೆ. ಕಥೆಯ ಗುಟ್ಟು ಉಳಿಯುತ್ತದೆ, ಚಿತ್ರಕ್ಕಿಂತ ಚೆನ್ನಾದ ಇನ್ನೊಂದು ಕಥೆಯೂ ಸಿಗುತ್ತದೆ. ಆದಷ್ಟೂ ಜಾಹೀರಾತು ಬಂದಾಗ ಕೇಳಿ.

ನೋಡಿದವರು ನೀವೇ ಆಗಿದ್ದರೆ ಮುಖ, ಕೈ ಎರಡರ ಮೇಲೂ ನಿಗಾ ಇರಲಿ. ಮುಖ್ಯ ದೃಶ್ಯ ಬರುವ ಮೊದಲೇ ಪಕ್ಕದವರ ಮುಖ ನೋಡುವುದು, ನೆಟ್ಟಗೆ ಕೂರುವುದು, ಸೌಂಡ್ ಜಾಸ್ತಿ ಮಾಡುವುದು ಎಲ್ಲವೂ ಮಾತಿನಷ್ಟೇ ಸ್ಪಷ್ಟವಾಗಿ ಹೇಳಿಬಿಡುತ್ತವೆ. "ಈಗ ನೋಡು, ಈಗ ನೋಡು" ಅನ್ನುವುದನ್ನೂ ಬಿಡಿ. ಅವರು ನೋಡುತ್ತಲೇ ಇದ್ದಾರೆ.

ರೈಲು, ಥಿಯೇಟರು, ಸ್ಟೇಟಸ್ಸು

ಮೈಸೂರು ಬೆಂಗಳೂರು ರೈಲಿನಲ್ಲಿ ಫೋನಿನಲ್ಲಿ ಸಿನಿಮಾ ನೋಡುತ್ತಾ ಹೋಗುವವರು ತುಂಬ. ಇಯರ್‌ಫೋನ್ ಹಾಕಿಕೊಂಡಿರುವವರೆಗೆ ಅವರು ಕ್ಷೇಮ. ಮದ್ದೂರಿನಲ್ಲಿ ವಡೆ ತೆಗೆದುಕೊಳ್ಳಲು ಇಯರ್‌ಫೋನ್ ತೆಗೆದ ಹೊತ್ತಿಗೆ ಎದುರು ಸೀಟಿನವರು ಬಗ್ಗಿ ನೋಡಿ, "ಓ, ಇದಾ! ಇದರಲ್ಲಿ ಕೊನೆಗೆ..." ಅಂತ ಶುರು ಮಾಡುತ್ತಾರೆ. ಅಪರಿಚಿತರ ಫೋನಿನಲ್ಲಿ ಓಡುತ್ತಿರುವ ಚಿತ್ರದ ಬಗ್ಗೆ ಮಾತಾಡಲೇಬೇಕು ಅನಿಸಿದರೆ "ಒಳ್ಳೇ ಪಿಕ್ಚರ್ ನೋಡ್ತಿದ್ದೀರಾ" ಅನ್ನಿ, ಸಾಕು. ನೋಡುವವರಿಗೂ ಒಂದು ಉಪಾಯ ಇದೆ. "ಮೊದಲ್ನೇ ಸಲ ನೋಡ್ತಿದ್ದೀನಿ ಸಾರ್" ಅಂತ ನಗುತ್ತಾ ಹೇಳಿಬಿಡಿ. ಎಂಥವರೂ ಅಲ್ಲಿಗೆ ನಿಲ್ಲಿಸುತ್ತಾರೆ.

ಮರುಬಿಡುಗಡೆಯ ಶೋಗೆ ಹೋದಾಗ ಡೈಲಾಗ್ ಹೇಳಿ, ಶಿಳ್ಳೆ ಹೊಡೆಯಿರಿ, ಅದು ಆ ಶೋನ ಸೊಗಸು. ಆದರೆ ತೆರೆಯ ಮೇಲಿನವರಿಗಿಂತ ಮೊದಲೇ ಡೈಲಾಗ್ ಹೇಳಬೇಡಿ, ಜೊತೆಗೆ ಹೇಳಿ. ಕ್ಲೈಮ್ಯಾಕ್ಸನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಸ್ಟೇಟಸ್‌ಗೆ ಹಾಕುವುದಂತೂ ಬೇಡವೇ ಬೇಡ. ಗುಟ್ಟಿನ ಮಾತು ಹಾಗಿರಲಿ, ಥಿಯೇಟರಿನಲ್ಲಿ ಅನುಮತಿ ಇಲ್ಲದೆ ಚಿತ್ರ ರೆಕಾರ್ಡ್ ಮಾಡುವುದು ಅಪರಾಧ. 2023ರ ತಿದ್ದುಪಡಿ ಕಾನೂನಿನಲ್ಲಿ ಕನಿಷ್ಠ 3 ತಿಂಗಳು ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ ಇದೆ.

ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆಯುವಾಗ ಮೊದಲ ಸಾಲಿನಲ್ಲಿ ಚಿತ್ರದ ಹೆಸರು ಹಾಕಿ, 'ಮುಂದೆ ಪೂರ್ತಿ ಕಥೆ ಇದೆ' ಅಂತ ಸೇರಿಸಿ. ಆಮೇಲೆ ನಾಲ್ಕೈದು ಸಾಲು ಖಾಲಿ ಬಿಡಿ. ನೋಟಿಫಿಕೇಶನ್‌ನಲ್ಲಿ ಮೊದಲೆರಡು ಸಾಲು ತಾನಾಗಿಯೇ ಕಾಣಿಸುತ್ತದೆ ಅನ್ನುವುದನ್ನು ಮರೆಯಬೇಡಿ. ಕಲಾವಿದರು ತೀರಿಕೊಂಡಾಗ ಅವರ ಹೆಸರಾದ ಸಾವಿನ ದೃಶ್ಯವನ್ನೇ ಎಲ್ಲರೂ ಹಂಚುತ್ತಾರೆ. ಅದರ ಬದಲು ಅವರು ನಕ್ಕ ಒಂದು ದೃಶ್ಯ, ಒಂದು ಹಾಡು ಹಾಕಬಹುದಲ್ವಾ?

ನೋಡದವರೂ ಸ್ವಲ್ಪ ಹೊಣೆ ಹೊರಬೇಕು

ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಆರು ಜನ ನಡೆಯುತ್ತಿದ್ದಾರೆ. ಐದು ಜನರಿಗೆ ಚಿತ್ರ ಬಾಯಿಪಾಠ, ಒಬ್ಬರು ನೋಡಿಲ್ಲ. ಆ ಒಬ್ಬರಿಗಾಗಿ ಐವರೂ ಎಂದೆಂದಿಗೂ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದು ಹೆಚ್ಚಾಯಿತು. ನೋಡುವ ಆಸೆ ಇದ್ದರೆ ಮಾತು ಶುರುವಾದ ತಕ್ಷಣ ಹೇಳಬೇಕು. "ಈ ವಾರ ನೋಡ್ತೀನಿ, ಆಮೇಲೆ ಮಾತಾಡೋಣ" ಅಂತ ಗಡುವು ಕೊಟ್ಟರೆ ಇನ್ನೂ ಚೆನ್ನ. ಗಡುವು ಕೊಟ್ಟ ಮೇಲೆ ನೋಡಿ. ಹಳೇ ಚಿತ್ರದ ಬಗ್ಗೆ ವಿಚಾರಗೋಷ್ಠಿ, ಉಪನ್ಯಾಸ ಇದ್ದರೆ ಅಲ್ಲಿ ಕೊನೆಯ ಚರ್ಚೆ ಆಗಿಯೇ ಆಗುತ್ತದೆ. ಅಲ್ಲಿಗೆ ಚಿತ್ರ ನೋಡಿಕೊಂಡೇ ಹೋಗಬೇಕು.

ಬಾಯಿ ಜಾರಿದರೆ

ಅಲ್ಲಿಗೇ ನಿಲ್ಲಿಸಿ. ಮುಚ್ಚಿಹಾಕಲು ಹೋಗಿ "ಅದಲ್ಲ, ಅದಾದ್ಮೇಲೆ ಇನ್ನೊಂದಿದೆ" ಅಂದರೆ ಉಳಿದದ್ದೂ ಹೋಗುತ್ತದೆ. "ಸುಮ್ನೆ ಹೇಳಿದೆ, ಹಾಗೇನಿಲ್ಲ" ಅಂತ ಸುಳ್ಳೂ ಬೇಡ. ಕ್ಷಮಿಸಿ ಅಂದು ಮಾತು ಬದಲಾಯಿಸಿ. ಎದುರಿನವರು ಆಮೇಲೆ ಊಹೆ ಹೇಳಿ ನಿಮ್ಮ ಮುಖ ನೋಡಿದರೆ ಹೌದು, ಇಲ್ಲ ಎರಡೂ ಹೇಳಬೇಡಿ.

ಕೇಳಿಸಿಕೊಂಡವರಿಗೆ ಒಂದು ಸಮಾಧಾನದ ಮಾತು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು, ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟೆನ್‌ಫೆಲ್ಡ್, 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಣ್ಣಕಥೆಗಳ ಕೊನೆಯನ್ನು ಮೊದಲೇ ಹೇಳಿ ಓದಿಸಿದಾಗ ಜನ ಅವನ್ನು ಒಟ್ಟಾರೆ ಇನ್ನೂ ಜಾಸ್ತಿ ಮೆಚ್ಚಿಕೊಂಡರು ಅಂತ ಅದರಲ್ಲಿ ಕಂಡುಬಂತು. ಆಮೇಲಿನ ಕೆಲವು ಅಧ್ಯಯನಗಳು ಬೇರೆ ರೀತಿ ಹೇಳಿವೆ. ಮೊದಲೇ ಗೊತ್ತಿರುವುದರಲ್ಲೂ ರೋಚಕತೆ ಇದೆ ಅನ್ನುವುದಕ್ಕೆ ಸಸ್ಪೆನ್ಸ್ ಚಿತ್ರಗಳ ನಿರ್ದೇಶಕ ಹಿಚ್‌ಕಾಕ್ ಒಂದು ಉದಾಹರಣೆ ಕೊಡುತ್ತಿದ್ದರು. ಮೇಜಿನ ಕೆಳಗೆ ಬಾಂಬ್ ಇದೆ ಅಂತ ಪ್ರೇಕ್ಷಕರಿಗೆ ಮೊದಲೇ ಗೊತ್ತಿದ್ದರೆ, ಮೇಜಿನ ಮುಂದೆ ಕೂತವರ ಸಾಮಾನ್ಯ ಮಾತೂ ಎದೆ ಬಡಿತ ಹೆಚ್ಚಿಸುತ್ತದೆ. ಹಾಗಾಗಿ ಕೊನೆ ಗೊತ್ತಾಯಿತು ಅಂತ ಚಿತ್ರವನ್ನೇ ಬಿಟ್ಟುಬಿಡಬೇಡಿ. ಕೆಲವು ದಿನ ಬಿಟ್ಟು ನೋಡಿ. ನಿರ್ದೇಶಕರು ಸುಳಿವುಗಳನ್ನು ಎಲ್ಲೆಲ್ಲಿ ಇಟ್ಟಿದ್ದಾರೆ ಅಂತ ಹುಡುಕುತ್ತಾ ನೋಡಿದರೆ ಅದರ ರುಚಿಯೇ ಬೇರೆ. ಆದರೆ ಕಥೆ ಬಿಟ್ಟುಕೊಟ್ಟವರು ಈ ಅಧ್ಯಯನವನ್ನು ನೆಪ ಮಾಡಿಕೊಳ್ಳಬಾರದು. ಮೊದಲೇ ತಿಳಿಯಬೇಕೋ ಬೇಡವೋ ಅನ್ನುವುದು ನೋಡುವವರ ಇಷ್ಟ.

ನೋಡಿ ಆದ ಮೇಲೆ

ನೀವು ಹೇಳಿದ ಚಿತ್ರವನ್ನು ಅವರು ಕೊನೆಗೂ ನೋಡಿದರು ಅನ್ನಿ. ಆಗ "ಹೇಗಿತ್ತು ಕ್ಲೈಮ್ಯಾಕ್ಸು?" ಅಂತ ಎರಗಬೇಡಿ. ಅರ್ಧ ನೋಡಿ ಮಲಗಿರಬಹುದು, ಪೂರ್ತಿ ಮುಗಿಯಿತಾ ಅಂತ ಮೊದಲು ಕೇಳಿ. ಮುಗಿದಿದ್ದರೆ "ನಿಮಗೆ ಮೊದಲು ಅನುಮಾನ ಬಂದಿದ್ದು ಎಲ್ಲಿ?" ಅಂತ ಕೇಳಿ. ಅವರು ಮೊದಲಿಂದ ಹೇಳುತ್ತಾ ಬರಲಿ, ನಡುವೆ ತಿದ್ದಬೇಡಿ. ಅವರು ಹೇಳಿ ಮುಗಿಸಿದ ಮೇಲೆ, ಇಷ್ಟು ದಿನ ಬಾಯಿ ಕಟ್ಟಿಕೊಂಡು ಇಟ್ಟುಕೊಂಡಿದ್ದನ್ನೆಲ್ಲ ನೀವೂ ಹೇಳಿ.